ಇಂಟರ್ನಲ್ 18 ಇದೆ, 85 ಆಗಬೇಕು: ಥಿಯರಿಯಲ್ಲಿ ಎಷ್ಟು ತೆಗೆಯಬೇಕು?

ಪ್ರಶ್ನೆ: ಸರ್, ನಾನು ಸೆಕೆಂಡ್ ಪಿಯುಸಿ ಕಾಮರ್ಸ್, ಎಚ್‌ಇಬಿಎ (ಹಿಸ್ಟರಿ, ಎಕನಾಮಿಕ್ಸ್, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ). ಅಕೌಂಟೆನ್ಸಿಯಲ್ಲಿ ಇಂಟರ್ನಲ್ 20ಕ್ಕೆ 18 ಬಂದಿದೆ. ಒಟ್ಟು 85 ಆಗಬೇಕು. ಪರೀಕ್ಷೆಯಲ್ಲಿ ಎಷ್ಟು ಬೇಕು? 80 ಪರ್ಸೆಂಟ್ ತೆಗೆದರೆ ಸಾಕು ಅಂತ ಅಣ್ಣ ಹೇಳಿದ. ಹೌದಾ?

ಉತ್ತರ: 80ಕ್ಕೆ 67 ಬೇಕು. ಅಣ್ಣ ಹೇಳಿದ್ದು ತಪ್ಪು.

ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಪ್ರತಿ ವರ್ಷ ಫೆಬ್ರವರಿ ಬಂತೆಂದರೆ ಒಂದು ಕಡೆ ರೋಬಸ್ಟಾ ಕಾಫಿ ಕುಯ್ಲು ಮುಗಿದಿರುವುದಿಲ್ಲ, ಇನ್ನೊಂದು ಕಡೆ ಹೂವಿಗೆ ಸ್ಪ್ರಿಂಕ್ಲರ್ ಓಡುತ್ತಿರುತ್ತದೆ, ಅದರ ಮಧ್ಯೆ ನನ್ನ ಫೋನಿಗೆ ಈ ಪ್ರಶ್ನೆ ಬರುವುದಕ್ಕೆ ಶುರು. ಮಕ್ಕಳು ಕೇಳುತ್ತಾರೆ, ಅಪ್ಪಂದಿರು ಕೇಳುತ್ತಾರೆ, ಹೋದ ವರ್ಷ ಟ್ಯೂಷನ್ ಬಿಟ್ಟ ಹುಡುಗ ತಂಗಿಗೋಸ್ಕರ ಕೇಳುತ್ತಾನೆ. ಈ ಸಲ ಪೂರ್ತಿ ಬರೆದಿಡುತ್ತೇನೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಲೆಕ್ಕ ಒಂದೇ ಸಾಲು. ಬೇಕಾದ 85ರಲ್ಲಿ ಈಗಾಗಲೇ ಕೈಗೆ ಬಂದ 18 ಕಳೆಯಿರಿ. ಉಳಿದದ್ದು 67. ಅಷ್ಟೇ. ಇಂಟರ್ನಲ್ 20, ಥಿಯರಿ 80, ಸೇರಿದರೆ 100. ಪರ್ಸೆಂಟ್ ಅನ್ನುವ ಮಾತೇ ಇಲ್ಲಿ ಬೇಕಾಗಿಲ್ಲ. ಬೇಕೇ ಬೇಕು ಅಂದರೆ ಕೊನೆಗೆ ಹಾಕಿಕೊಳ್ಳಿ: 80ಕ್ಕೆ 67 ಅಂದರೆ ಸುಮಾರು 84 ಪರ್ಸೆಂಟ್.

ಈಗ ಅಣ್ಣನ ಲೆಕ್ಕ ನೋಡೋಣ. ಅವನು ಹೇಳುವುದು ಹೀಗೆ: 'ಇಂಟರ್ನಲ್‌ನಲ್ಲಿ 90 ಪರ್ಸೆಂಟ್ ಇದೆ, ಬೇಕಾಗಿರುವುದು 85, ಅಂದರೆ 5 ಜಾಸ್ತಿ ಇದೆ. ಹಾಗಾಗಿ ಥಿಯರಿಯಲ್ಲಿ 5 ಕಮ್ಮಿ ಆದರೂ ಪರವಾಗಿಲ್ಲ, 80 ಪರ್ಸೆಂಟ್ ಸಾಕು.' ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ ಅಲ್ವಾ? 80ಕ್ಕೆ 80 ಪರ್ಸೆಂಟ್ ಅಂದರೆ 64. ಅದಕ್ಕೆ 18 ಸೇರಿಸಿ. 82. ಮೂರು ಅಂಕ ಖೋತಾ. ಆರೂ ವಿಷಯಕ್ಕೆ ಇದೇ ಲೆಕ್ಕ ಹಿಡಿದು ಕೂತರೆ 18 ಅಂಕ ಹೋಯಿತು. 600ಕ್ಕೆ 510 ಬಂದರೆ ಡಿಸ್ಟಿಂಕ್ಷನ್, ಇವನ ಹತ್ತಿರ ಇರುವುದು 492.

ಇದನ್ನು ಒಬ್ಬ ತಂದೆಗೆ ಹೇಳಿದೆ, ಒಪ್ಪಲಿಲ್ಲ. 'ಎರಡೂ ಸೇರಿಸಿ ಅರ್ಧ ಮಾಡಿದರೆ 85 ಬರುತ್ತದಲ್ಲ ಸರ್' ಅಂದರು. ತೋಟ ಇರುವ ಮನುಷ್ಯ, ವ್ಯಾಪಾರದಲ್ಲಿ ಒಂದು ರೂಪಾಯಿ ಬಿಡುವವರಲ್ಲ. ನಾನು ಕೇಳಿದೆ, 'ನೀವು 10 ಮೂಟೆ ಕಾಫಿ ಚೆರಿ ಮೂಟೆಗೆ 9,000ದಂತೆ ಕೊಟ್ಟಿರಿ ಅಂತ ಇಟ್ಟುಕೊಳ್ಳಿ. ಆಮೇಲೆ ರೇಟ್ ಬಿತ್ತು, ಉಳಿದ 40 ಮೂಟೆ 8,000ದಂತೆ ಹೋಯಿತು. ಸರಾಸರಿ ಎಷ್ಟು ಸಿಕ್ಕಿತು, 8,500ಆ?' ಅವರು ನಕ್ಕುಬಿಟ್ಟರು. 'ಅದು ಹೇಗೆ ಸರ್, ಜಾಸ್ತಿ ಮಾಲು ಹೋಗಿದ್ದು ಕಮ್ಮಿ ರೇಟಿಗಲ್ವಾ!' ಅಂದು, ಪೆನ್ನು ಮುಟ್ಟದೆ ಬಾಯಲ್ಲೇ ಲೆಕ್ಕ ಹಾಕಿದರು. 90,000, ಮೂರು ಲಕ್ಷ 20,000, ಒಟ್ಟು ನಾಲ್ಕು ಲಕ್ಷ 10,000. ಐವತ್ತು ಮೂಟೆಗೆ ಹಂಚಿದರೆ 8,200. ಆಮೇಲೆ ಸುಮ್ಮನಾದರು. ಮಗಳ ಇಂಟರ್ನಲ್ ಆ ಹತ್ತು ಮೂಟೆ, ಥಿಯರಿ ಆ ನಲವತ್ತು ಮೂಟೆ. 90 ಪರ್ಸೆಂಟ್ ಮತ್ತು 80 ಪರ್ಸೆಂಟ್ ಸೇರಿದರೆ 82 ಯಾಕೆ ಅಂತ ನಾನು ಬೇರೆ ಹೇಳಬೇಕಾಗಲಿಲ್ಲ.

ಈ ತಪ್ಪು ಲೆಕ್ಕ ಸಾಯುವುದಿಲ್ಲ ಯಾಕೆ ಅಂತ ನನಗೂ ತುಂಬಾ ದಿನ ಗೊತ್ತಿರಲಿಲ್ಲ. ಆಮೇಲೆ ಅಣ್ಣಂದಿರನ್ನೇ ವಿಚಾರಿಸಿದೆ. ಅರ್ಧಕ್ಕರ್ಧ ಇಂಜಿನಿಯರಿಂಗ್ ಹುಡುಗರು! ಅವರ ವಿಶ್ವವಿದ್ಯಾಲಯ ವಿಟಿಯು, ಅಲ್ಲಿ ಥಿಯರಿ ವಿಷಯದಲ್ಲಿ ಇಂಟರ್ನಲ್ 50, ಪರೀಕ್ಷೆ 50. ಪೇಪರ್ 100ಕ್ಕೆ ಬರೆದರೂ ಅದನ್ನು 50ಕ್ಕೆ ಇಳಿಸುತ್ತಾರೆ. ಅಲ್ಲಿ ಎರಡೂ ಕಡೆ ತೂಕ ಸಮ. ಇಂಟರ್ನಲ್ 45 ಇದ್ದವನಿಗೆ 85 ಬೇಕೆಂದರೆ ಇನ್ನು 40, ಅಂದರೆ 100ರ ಪೇಪರಿನಲ್ಲಿ 80. ಅಣ್ಣನ ಲೆಕ್ಕ ಪೊನ್ನಂಪೇಟೆಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸರಿಯಾಗೇ ಬರುತ್ತದೆ. ಅದನ್ನು ತಂದು ಪಿಯುಸಿ ತಂಗಿಯ ತಲೆಗೆ ಹಾಕಿದರೆ ಮಾತ್ರ ತಪ್ಪು.

ಕಮ್ಮಿ ಓದಿ ಏಮಾರುವುದು ಒಂದು ಕಡೆ. ನನಗೆ ಜಾಸ್ತಿ ಸಿಟ್ಟು ಬರುವುದು ಇನ್ನೊಂದು ಕಡೆಗೆ. ಒಬ್ಬ ಹುಡುಗಿಗೆ ಇಂಟರ್ನಲ್ 14, ಅಂದರೆ 70 ಪರ್ಸೆಂಟ್. ಅವಳೂ ಅಣ್ಣನ ಲೆಕ್ಕವನ್ನೇ ಹಿಡಿದಿದ್ದಳು. ಪ್ರಿಪರೇಟರಿ ಮುಗಿದ ಮಾರನೇ ದಿನ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ 70, 85, 100 ಅಂತ ಬರೆದು, 100ಕ್ಕೆ ಎರಡು ಸುತ್ತು ಹಾಕಿಕೊಂಡು ಬಂದಿದ್ದಳು. '85 ಬೇಕಾದರೆ ಪೇಪರಿನಲ್ಲಿ ಒಂದು ಅಂಕವೂ ಹೋಗಬಾರದಾ ಸರ್?' ಅಂತ ಕೇಳುವಾಗ ಕಣ್ಣು ತುಂಬಿತ್ತು. 85ರಲ್ಲಿ 14 ಕಳೆ ಅಂದೆ. 71. ಒಂಬತ್ತು ಅಂಕ ಹೋದರೂ ನಡೆಯುತ್ತದೆ. ಯಾರೋ ಹೇಳಿದ ಸುಳ್ಳು ಲೆಕ್ಕಕ್ಕೆ ಆ ಮಗು ಎರಡು ರಾತ್ರಿ ನಿದ್ದೆ ಬಿಟ್ಟಿತ್ತು.

ಸೈನ್ಸ್‌ನವರು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿಗೆ ಪ್ರಾಕ್ಟಿಕಲ್ 30, ಥಿಯರಿ 70. ಪ್ರಾಕ್ಟಿಕಲ್‌ನಲ್ಲಿ 27 ಬಂದಿದ್ದರೆ 85ಕ್ಕೆ ಇನ್ನು 58. ವಿಧಾನ ಅದೇ, ಕಳೆಯುವುದು.

ಈಗ ನೀವು ಕೇಳದೇ ಇದ್ದದ್ದು ಒಂದಿದೆ. ನಿಮಗೆ ಅಕೌಂಟೆನ್ಸಿಯಲ್ಲೇ 85 ಬೇಕಾ, ಅಥವಾ ಡಿಸ್ಟಿಂಕ್ಷನ್ ಬೇಕಾ? ಡಿಸ್ಟಿಂಕ್ಷನ್ ಆದರೆ ಪ್ರತಿ ವಿಷಯದಲ್ಲೂ 85 ಬೇಕಾಗಿಲ್ಲ. 600ಕ್ಕೆ 510 ಆದರೆ ಆಯಿತು. ನಿಮ್ಮ ಆರು ಇಂಟರ್ನಲ್ ಸೇರಿಸಿದರೆ 104 ಅಂತ ಇಟ್ಟುಕೊಳ್ಳೋಣ. 510ರಲ್ಲಿ ಕಳೆದರೆ 406. ಆರು ಪೇಪರಿಗೆ ಹಂಚಿದರೆ 67.67. ಇದನ್ನು 67 ಅಂತ ಬರೆದುಕೊಳ್ಳುವವರು ತುಂಬಾ ಜನ. ಆರು 67 ಅಂದರೆ 402, ಇಂಟರ್ನಲ್ ಸೇರಿ 506. ನಾಲ್ಕು ಅಂಕ ಕಮ್ಮಿ ಬಿತ್ತು. ಗುರಿಯ ಲೆಕ್ಕದಲ್ಲಿ ಪಾಯಿಂಟ್ ಬಂದರೆ ಯಾವಾಗಲೂ ಮೇಲಕ್ಕೇ ಏರಿಸಿ, 68 ಅನ್ನಿ.

ಎಲ್ಲದರಲ್ಲೂ ಅಷ್ಟೇ ತೆಗೆಯಬೇಕು ಅಂತಲೂ ಇಲ್ಲ. ಕನ್ನಡದಲ್ಲಿ 76 ಬರುವ ಧೈರ್ಯ ಇದೆ, ಇಂಗ್ಲಿಷ್‌ನಲ್ಲಿ 66 ಅಂದರೆ ಅಲ್ಲಿಗೆ 142 ಆಯಿತು. ಉಳಿದ ನಾಲ್ಕಕ್ಕೆ 264, ಅಂದರೆ ಒಂದೊಂದಕ್ಕೆ 66. ಎರಡು ಅಂಕದ ಭಾರ ಇಳಿಯಿತು. ಅಕೌಂಟೆನ್ಸಿಯಲ್ಲಿ ಬ್ಯಾಲೆನ್ಸ್ ಶೀಟ್ ತಾಳೆ ಆಗದೆ ಒದ್ದಾಡುವವರು ಕನ್ನಡವನ್ನು 'ಅದು ಬಿಡಿ ಸರ್, ಭಾಷೆ' ಅಂತ ತಳ್ಳಿ ಹಾಕುವುದು ನೋಡಿದರೆ ನಗು ಬರುತ್ತದೆ. 600ರಲ್ಲಿ ಕನ್ನಡದ ಒಂದು ಅಂಕಕ್ಕೂ ಅಕೌಂಟೆನ್ಸಿಯ ಒಂದು ಅಂಕಕ್ಕೂ ಬೆಲೆ ಒಂದೇ.

ಇಂಟರ್ನಲ್‌ಗೂ ಇದೇ ಮಾತು. ಅದು 20ರೊಳಗಿನ ಅಂಕ, ಚಿಕ್ಕದು ಅಂತ ಅಲ್ಲ. ಅಲ್ಲಿ ಹೋದ ಒಂದನ್ನು ಥಿಯರಿಯಲ್ಲಿ ಒಂದು ಪೂರ್ತಿ ಅಂಕ ಕೊಟ್ಟು ತುಂಬಬೇಕು. ಫಸ್ಟ್ ಪಿಯುಸಿಯವರು ಇದನ್ನು ಓದುತ್ತಿದ್ದರೆ, ಮುಂದಿನ ವರ್ಷ ಜುಲೈಯಲ್ಲಿ ಮಳೆಗೆ ರಜೆ ಕೊಟ್ಟರು ಅಂತ ಮರೆತುಬಿಡುತ್ತೀರಲ್ಲ, ಆ ಪ್ರಾಜೆಕ್ಟ್, ಅದರ ಬಗ್ಗೆಯೇ ಹೇಳುತ್ತಿದ್ದೇನೆ.