ಆಕಾಶದ ಬಿಳಿ ಗೆರೆ ತಪ್ಪಿಸಲು ಜಾಸ್ತಿ ಇಂಧನ ಸುಡಬಹುದೇ?

ಓದುಗರ ಪ್ರಶ್ನೆ: ಇಂಧನ ಉಳಿಸುವ ದಾರಿಯಲ್ಲಿ ವಿಮಾನ ಹೋದರೆ ಪರಿಸರಕ್ಕೆ ಒಳ್ಳೆಯದೇ ಅಲ್ವಾ? ಮತ್ತೆ ಪರಿಸರದ ಹೆಸರಿನಲ್ಲೇ ಆ ದಾರಿ ಬದಲಿಸುವುದು ಯಾವ ಲೆಕ್ಕ?

ನಿಮ್ಮ ಲೆಕ್ಕ ತಪ್ಪಲ್ಲ, ಅರ್ಧ ಅಷ್ಟೆ. ಉಳಿದರ್ಧ ಆಕಾಶದಲ್ಲೇ ಕಾಣುತ್ತದೆ. ವಿಮಾನದ ಹಿಂದೆ ಉಳಿಯುವ ಬಿಳಿ ಗೆರೆ ನೋಡಿ ಚಿಕ್ಕವರಿದ್ದಾಗ ‘ರಾಕೆಟ್, ರಾಕೆಟ್’ ಎಂದು ಕೂಗುತ್ತಿದ್ದೆವಲ್ಲ, ಅದೇ. ಅದು ಹೊಗೆಯಲ್ಲ. ಎಂಜಿನ್ನಿನಿಂದ ಬಂದ ನೀರಾವಿ ಮೈನಸ್ 40 ಡಿಗ್ರಿ ಆಸುಪಾಸಿನ ಚಳಿಗೆ ಮಸಿಯ ಕಣಗಳ ಮೇಲೆ ಹೆಪ್ಪುಗಟ್ಟಿದ ಮಂಜಿನ ಪುಡಿ.

ಸುತ್ತಲ ಗಾಳಿ ಒಣಗಿದ್ದರೆ ಗೆರೆ ಬೇಗ ಮಾಯ. ತೇವ ತುಂಬಿದ್ದರೆ ಗಂಟೆಗಟ್ಟಲೆ ಉಳಿದು, ಹರಡಿ, ತೆಳು ಮೋಡವೇ ಆಗಿಬಿಡುತ್ತದೆ. ಆ ಮೋಡ ಭೂಮಿಗೆ ಹೊದಿಸಿದ ಕಂಬಳಿ. ಹಗಲಲ್ಲಿ ಅದು ಬಿಸಿಲನ್ನೂ ಸ್ವಲ್ಪ ವಾಪಸ್ ಕಳಿಸುತ್ತದೆ. ರಾತ್ರಿ ಬಿಸಿಲೆಲ್ಲಿ? ಬರೀ ಸೆಕೆ.

ಸಮಾಧಾನದ ವಿಷಯ ಎಂದರೆ, ಎಲ್ಲ ವಿಮಾನಗಳೂ ಈ ಕೆಲಸ ಮಾಡುವುದಿಲ್ಲ. ಜಪಾನಿನ ಆಕಾಶದ ಬಗ್ಗೆ 2020ರಲ್ಲಿ ಒಂದು ಅಧ್ಯಯನ ಬಂತು. ಗೆರೆಗಳಿಂದಾಗುವ ಬಿಸಿಯಲ್ಲಿ ಶೇ 80ರಷ್ಟು ಕೇವಲ ಶೇ 2.2ರಷ್ಟು ಹಾರಾಟಗಳದ್ದು ಎಂದು ಅದರಲ್ಲಿ ಲೆಕ್ಕ ಸಿಕ್ಕಿತು. ಅಂದರೆ ಅವಷ್ಟನ್ನು ಹಿಡಿದರೆ ಸಾಕು. ಅವನ್ನೂ ಊರು ಸುತ್ತಿಸಬೇಕಾಗಿಲ್ಲ. ತೇವದ ಪದರ ನೂರಾರು ಕಿಲೋಮೀಟರ್ ಅಗಲ ಇರಬಹುದು, ದಪ್ಪ ಮಾತ್ರ ಸಾಮಾನ್ಯವಾಗಿ ಕೆಲವು ನೂರು ಮೀಟರ್. ಜೋಳದ ರೊಟ್ಟಿ ಇದ್ದ ಹಾಗೆ. ಸುತ್ತಿ ಹೋಗುವುದಕ್ಕಿಂತ ಎರಡು ಸಾವಿರ ಅಡಿ ಕೆಳಗೋ ಮೇಲೋ ಹೋಗುವುದು ಸುಲಭ.

ಇದನ್ನು ಮಾಡಿಯೂ ನೋಡಿದ್ದಾರೆ. ಗೂಗಲ್ ಮತ್ತು ಅಮೆರಿಕನ್ ಏರ್‌ಲೈನ್ಸ್ 70 ಹಾರಾಟಗಳಲ್ಲಿ ನಡೆಸಿದ ಪರೀಕ್ಷೆಯ ಫಲಿತಾಂಶ 2023ರಲ್ಲಿ ಹೊರಬಂತು. ಗೆರೆಗಳು ಶೇ 54ರಷ್ಟು ಕಡಿಮೆಯಾದವು. ಎತ್ತರ ಬದಲಿಸಿದ ವಿಮಾನಗಳು ಶೇ 2ರಷ್ಟು ಹೆಚ್ಚು ಇಂಧನ ಕುಡಿದವು.

ಈ ಶೇ 2 ಸುಮ್ನೆ ಬಿಡುವ ಮಾತಲ್ಲ. ಒಂದು ಕೆಜಿ ವಿಮಾನ ಇಂಧನ ಉರಿದರೆ 3.16 ಕೆಜಿ ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತದೆ. ಗೆರೆ ನಾಳೆ ಬೆಳಿಗ್ಗೆಗೆ ಇರುವುದಿಲ್ಲ. ಈ ಅನಿಲದ ಒಂದು ಪಾಲು ನಮ್ಮ ಮರಿಮಕ್ಕಳ ಕಾಲಕ್ಕೂ ಇರುತ್ತದೆ. ಜೊತೆಗೆ, ಅಷ್ಟು ಎತ್ತರದ ತೇವವನ್ನು ಮುಂಚೆಯೇ ಹೇಳುವುದರಲ್ಲಿ ಹವಾಮಾನ ಮುನ್ಸೂಚನೆ ಇನ್ನೂ ಪಳಗಿಲ್ಲ. ಮುನ್ಸೂಚನೆ ತಪ್ಪಿದರೆ ಗೆರೆ ಮೂಡದ ಕಡೆ ಗೆರೆ ತಪ್ಪಿಸಲು ಇಂಧನ ಸುಟ್ಟಂತೆ!

ಅದಕ್ಕೇ ನನ್ನ ಮಟ್ಟಿಗೆ, ಹಗಲಿನ ಹಾರಾಟಗಳನ್ನು ಸದ್ಯಕ್ಕೆ ಅವುಗಳ ಪಾಡಿಗೆ ಬಿಡುವುದೇ ಸರಿ. ಸಂಜೆ, ರಾತ್ರಿಯ ಹಾರಾಟಗಳಲ್ಲಿ, ಅದೂ ಮುನ್ಸೂಚನೆ ಗಟ್ಟಿಯಾಗಿದ್ದಾಗ ಮಾತ್ರ ಎತ್ತರ ಬದಲಿಸಲಿ. ಅದಕ್ಕೂ ನೆಲದಿಂದ ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್ ಒಪ್ಪಬೇಕು. ಎರಡು ಸಾವಿರ ಅಡಿ ಕೆಳಗೆ ಆಗಲೇ ಇನ್ನೊಂದು ವಿಮಾನ ಬರುತ್ತಿದ್ದರೆ, ಗೆರೆ ಮೂಡಿದರೆ ಮೂಡಲಿ, ಇದ್ದಲ್ಲೇ ಹೋಗಬೇಕು.