ಮನೆಯೊಳಗಿನ ಗಿಡಗಳಿಗೆ ಬೆಳಕು ಅಳೆಯುವುದು: ಕಡಿಮೆ ಬೆಲೆಯ ಮೀಟರ್ ಆರಿಸುವ ಮುನ್ನ

ಕಿಟಕಿಯ ಪಕ್ಕದ ಕುಂಡವನ್ನು ಎರಡು ಮೀಟರ್ ಒಳಕ್ಕೆ ಸರಿಸಿದರೆ ಅದಕ್ಕೆ ಸಿಗುವ ಬೆಳಕು ಹತ್ತರಲ್ಲಿ ಒಂದು ಪಾಲಿಗೆ ಇಳಿಯಬಹುದು. ನಮ್ಮ ಕಣ್ಣಿಗೆ ಅದು ಅಷ್ಟಾಗಿ ತಿಳಿಯುವುದಿಲ್ಲ, ಪಾಪೆ ಹಿಗ್ಗಿ ಸರಿಮಾಡಿಕೊಳ್ಳುತ್ತದೆ. ಗಿಡ ಮಾತ್ರ ಕಾಂಡ ಉದ್ದ ಮಾಡಿಕೊಂಡು, ಗೆಣ್ಣುಗಳ ನಡುವಿನ ಅಂತರ ಹೆಚ್ಚಿಸಿಕೊಂಡು, ಎಲೆ ತೆಳ್ಳಗೆ ಮಾಡಿಕೊಂಡು ಬೆಳಕು ಸಾಲದೆಂದು ತೋರಿಸುತ್ತದೆ. ಅದು ನಮ್ಮ ಗಮನಕ್ಕೆ ಬರುವ ಹೊತ್ತಿಗೆ ಎರಡು ಮೂರು ವಾರ ಕಳೆದಿರುತ್ತದೆ. ಅದಕ್ಕೇ ಮೀಟರ್ ಬೇಕು.

ಯಾವ ಮೀಟರ್ ಎಂಬುದಕ್ಕೆ ಉತ್ತರ ನಿಮ್ಮ ದೀಪದ ಬಣ್ಣದಲ್ಲಿದೆ. ಬಿಸಿಲು ಅಥವಾ ಬಿಳಿ ಎಲ್‌ಇಡಿಯಲ್ಲಿ ಬೆಳೆಯುವವರಿಗೆ ಒಂದೂವರೆ, ಎರಡು ಸಾವಿರ ರೂಪಾಯಿಯ ಸಾಧಾರಣ ಲಕ್ಸ್ ಮೀಟರ್ ಧಾರಾಳವಾಗಿ ಸಾಕು. ಕೆಂಪು ಮತ್ತು ನೀಲಿ ಎಲ್‌ಇಡಿ ಸೇರಿಸಿದ ನೇರಳೆ ದೀಪ ಇಟ್ಟುಕೊಂಡವರಿಗೆ ಎಷ್ಟು ದುಬಾರಿ ಲಕ್ಸ್ ಮೀಟರ್ ತಂದರೂ ಅದೊಂದರಿಂದಲೇ ಪ್ರಯೋಜನವಿಲ್ಲ. ಕಾರಣ ತಿಳಿದರೆ ಉಳಿದ ಆಯ್ಕೆ ಸುಲಭ.

ಲಕ್ಸ್ ಮತ್ತು ಮೈಕ್ರೊಮೋಲ್

ಲಕ್ಸ್ ಎನ್ನುವುದು ಮನುಷ್ಯನ ಕಣ್ಣಿಗೆ ಬೆಳಕು ಎಷ್ಟು ಪ್ರಖರವಾಗಿ ಕಾಣುತ್ತದೆ ಎಂಬುದರ ಅಳತೆ. ನಮ್ಮ ಕಣ್ಣು 555 ನ್ಯಾನೊಮೀಟರ್‌ನ ಹಸಿರಿಗೆ ಅತಿ ಹೆಚ್ಚು ಸ್ಪಂದಿಸುತ್ತದೆ, ಆಚೀಚೆ ಕೆಂಪು ನೀಲಿಗಳ ಕಡೆ ಹೋದಂತೆ ಬೇಗ ಮಂಕಾಗುತ್ತದೆ. ದ್ಯುತಿಸಂಶ್ಲೇಷಣೆಗೆ ಲೆಕ್ಕಕ್ಕೆ ಬರುವುದು 400ರಿಂದ 700 ನ್ಯಾನೊಮೀಟರ್ ನಡುವಿನ ಫೋಟಾನ್‌ಗಳ, ಅಂದರೆ ಬೆಳಕಿನ ಕಣಗಳ, ಸಂಖ್ಯೆ. ಅವನ್ನು ಎಣಿಸುವ ಏಕಮಾನ ಮೈಕ್ರೊಮೋಲ್. ಒಂದು ಚದರ ಮೀಟರ್ ಮೇಲೆ ಒಂದು ಸೆಕೆಂಡಿಗೆ ಎಷ್ಟು ಮೈಕ್ರೊಮೋಲ್ ಫೋಟಾನ್ ಬೀಳುತ್ತವೆ ಎಂಬುದೇ ಪಿಪಿಎಫ್‌ಡಿ. ಈ ಪಟ್ಟಿಯೊಳಗೆ ಎಲ್ಲ ಬಣ್ಣಗಳೂ ಒಂದಲ್ಲ ಒಂದು ಪ್ರಮಾಣದಲ್ಲಿ ಕೆಲಸ ಮಾಡುತ್ತವೆ. ಹಸಿರು ಬೆಳಕು ಗಿಡಕ್ಕೆ ವ್ಯರ್ಥ ಎಂಬ ಮಾತು ಸರಿಯಲ್ಲ ಎಂದು ಸಸ್ಯವಿಜ್ಞಾನಿ ಮೆಕ್‌ಕ್ರೀ 1972ರಲ್ಲಿ ಪ್ರಕಟಿಸಿದ ಅಳತೆಗಳಿಂದಲೇ ತಿಳಿಯುತ್ತದೆ.

ಬೆಳಕಿನ ಬಣ್ಣಗಳ ಹಂಚಿಕೆ ಗೊತ್ತಿದ್ದರೆ ಲಕ್ಸನ್ನು ಒಂದು ಸಂಖ್ಯೆಯಿಂದ ಭಾಗಿಸಿ ಮೈಕ್ರೊಮೋಲ್ ಪಡೆಯಬಹುದು. ಬಿಸಿಲಿಗೆ ಈ ಭಾಜಕ 54. ಕೂಲ್ ವೈಟ್ ಫ್ಲೋರೊಸೆಂಟ್ ಟ್ಯೂಬಿಗೆ 74. ಹೈ ಪ್ರೆಷರ್ ಸೋಡಿಯಂ ದೀಪಕ್ಕೆ 82. ಬಿಳಿ ಎಲ್‌ಇಡಿಗಳಲ್ಲಿ ಸಾಮಾನ್ಯವಾಗಿ 65ರಿಂದ 75. ಬಣ್ಣಗಳನ್ನು ಸಹಜವಾಗಿ ತೋರಿಸುವ, ಸಿಆರ್‌ಐ 90 ದಾಟಿದ ದೀಪಗಳಲ್ಲಿ ಇನ್ನೂ ಸ್ವಲ್ಪ ಕಡಿಮೆ. ಅಂಗಡಿಯ ಸಾಮಾನ್ಯ ಎಲ್‌ಇಡಿ ಟ್ಯೂಬಿಗೆ 70 ಹಿಡಿದರೆ ತಪ್ಪು ಶೇಕಡಾ 10ರ ಆಸುಪಾಸಿನಲ್ಲೇ ಉಳಿಯುತ್ತದೆ. ಅಗ್ಗದ ಮೀಟರಿನ ಸ್ವಂತ ತಪ್ಪೂ ಅದರ ಹತ್ತಿರವೇ ಇರುವುದರಿಂದ ಇದಕ್ಕಿಂತ ನಾಜೂಕಾಗಿ ಭಾಗಿಸಿ ಫಲವಿಲ್ಲ.

ಈಗ ನೇರಳೆ ದೀಪ. 660 ನ್ಯಾನೊಮೀಟರ್‌ನ ಕೆಂಪಿಗೆ ಕಣ್ಣಿನ ಸಂವೇದನೆ ಹಸಿರಿನ ಶೇಕಡಾ 6, 450ರ ನೀಲಿಗೆ ಶೇಕಡಾ 4ಕ್ಕೂ ಕಡಿಮೆ. ಲೆಕ್ಕ ಹಾಕಿದರೆ ಈ ಎರಡು ಬಣ್ಣಗಳಲ್ಲಿ ಒಂದು ಮೈಕ್ರೊಮೋಲ್‌ಗೆ ಬರುವುದು ಸುಮಾರು 7 ಲಕ್ಸ್ ಮಾತ್ರ. ಬಿಳಿಯ 70 ಎಂದುಕೊಂಡು ಭಾಗಿಸಿದವರು ನಿಜವಾದ ಬೆಳಕಿನ ಹತ್ತನೇ ಒಂದು ಭಾಗವನ್ನು ಕಾಣುತ್ತಾರೆ, ದೀಪ ಸಾಲದೆಂದು ಹತ್ತಿರ ತಂದು ಎಲೆ ಬಿಳಿಚುವಂತೆ ಮಾಡುತ್ತಾರೆ. ಹಾಗಾದರೆ 7ರಿಂದಲೇ ಭಾಗಿಸೋಣ ಎಂದರೆ ಅದೂ ಆಗದು. ಅಗ್ಗದ ಮೀಟರಿನ ಒಳಗಿರುವುದು ಸಿಲಿಕಾನ್ ಫೋಟೊಡಯೋಡ್, ಅದರ ಮೇಲೊಂದು ಹಸಿರು ಛಾಯೆಯ ಫಿಲ್ಟರ್. ಆ ಫಿಲ್ಟರ್ ಕಣ್ಣಿನ ವಕ್ರರೇಖೆಯನ್ನು ನಡುವಿನಲ್ಲಿ ಚೆನ್ನಾಗಿ ಅನುಸರಿಸಿದರೂ ಕೆಂಪು ನೀಲಿಯ ಅಂಚುಗಳಲ್ಲಿ ತುಂಬಾ ದೂರ ಸರಿಯುತ್ತದೆ, ಒಂದೊಂದು ಮೀಟರಿನಲ್ಲಿ ಒಂದೊಂದು ರೀತಿ.

ಎಷ್ಟು ಬೆಳಕು ಬೇಕು

ಗಿಡಕ್ಕೆ ಮುಖ್ಯವಾದದ್ದು ದಿನವಿಡೀ ಸೇರಿದ ಮೊತ್ತ, ಅಂದರೆ ಡಿಎಲ್‌ಐ. ಪಿಪಿಎಫ್‌ಡಿಯನ್ನು ಗಂಟೆಗಳಿಂದ ಗುಣಿಸಿ, 0.0036ರಿಂದ ಮತ್ತೆ ಗುಣಿಸಿದರೆ ಚದರ ಮೀಟರಿಗೆ ದಿನಕ್ಕೆ ಎಷ್ಟು ಮೋಲ್ ಎಂಬುದು ಸಿಗುತ್ತದೆ. ಭಾಜಕವನ್ನೂ ಇದರೊಳಗೆ ಸೇರಿಸಿಬಿಟ್ಟರೆ ಲೆಕ್ಕ ಇನ್ನೂ ಚಿಕ್ಕದು. ಬಿಳಿ ಎಲ್‌ಇಡಿಗೆ: ಲಕ್ಸ್ ಗುಣಿಸು ಗಂಟೆ, ಭಾಗಿಸು 19,500. ಬಿಸಿಲಿಗೆ: ಗಂಟೆಗೊಮ್ಮೆ ಅಳೆದ ಲಕ್ಸ್‌ಗಳನ್ನೆಲ್ಲ ಕೂಡಿಸಿ, ಭಾಗಿಸು 15,000. ಈ ಎರಡು ಸಂಖ್ಯೆಗಳನ್ನು ಮೀಟರಿನ ಹಿಂಬದಿಗೆ ಅಂಟಿಸಿಟ್ಟುಕೊಳ್ಳಿ.

ಸ್ನೇಕ್ ಪ್ಲಾಂಟ್, ಮನಿ ಪ್ಲಾಂಟ್ ದಿನಕ್ಕೆ 1ರಿಂದ 3 ಮೋಲ್‌ನಲ್ಲೂ ಬದುಕುತ್ತವೆ. ಆಫ್ರಿಕನ್ ವಯೊಲೆಟ್ ಹೂ ಬಿಡಲು 4ರಿಂದ 6 ಬೇಕು. ಮೈಕ್ರೊಗ್ರೀನ್‌ಗೆ 6ರಿಂದ 10, ಲೆಟ್ಯೂಸ್‌ಗೆ 12ರಿಂದ 17. ಟೊಮೇಟೊ, ಮೆಣಸಿನಕಾಯಿ ಕಾಯಿ ಕಟ್ಟಬೇಕಾದರೆ 20ರ ಮೇಲೆ.

ಒಂದು ಉದಾಹರಣೆ ನೋಡಿ. ನಾಲ್ಕಡಿ ಉದ್ದ, ಎರಡಡಿ ಅಗಲದ ಕಪಾಟಿನ ತಟ್ಟು, ಅಂದರೆ 0.74 ಚದರ ಮೀಟರ್. ಮೇಲೆ 20 ವ್ಯಾಟ್, 2,000 ಲ್ಯೂಮೆನ್‌ನ ನಾಲ್ಕು ಬಿಳಿ ಟ್ಯೂಬುಗಳು. ಎಲ್ಲ ಬೆಳಕೂ ತಟ್ಟಿನ ಮೇಲೇ ಬಿದ್ದರೆ 10,800 ಲಕ್ಸ್ ಆಗಬೇಕು; ಪಕ್ಕಕ್ಕೆ ಚೆಲ್ಲಿಹೋಗುವುದನ್ನು ಕಳೆದು 7,000 ಉಳಿಯಿತು ಎನ್ನೋಣ. ಹದಿನಾರು ಗಂಟೆ ಉರಿಸಿದರೆ 7,000 ಗುಣಿಸು 16, ಭಾಗಿಸು 19,500: ಸುಮಾರು 5.7 ಮೋಲ್. ವಯೊಲೆಟ್‌ಗೆ ಸರಿ, ಮೈಕ್ರೊಗ್ರೀನ್‌ಗೆ ಅಂಚಿನಲ್ಲಿದೆ, ಲೆಟ್ಯೂಸ್‌ಗೆ ಅರ್ಧವೂ ಇಲ್ಲ. ಇಲ್ಲಿ ಟ್ಯೂಬ್ ಹೆಚ್ಚಿಸುವ ಮೊದಲು ಕಪಾಟಿನ ಪಕ್ಕಗಳಿಗೆ ಬಿಳಿ ಹಾಳೆಯನ್ನೋ ಥರ್ಮೊಕೋಲನ್ನೋ ನಿಲ್ಲಿಸಿ ಮತ್ತೆ ಅಳೆಯಿರಿ. ಚೆಲ್ಲಿಹೋಗುತ್ತಿದ್ದ ಬೆಳಕಿನಲ್ಲಿ ಒಂದಿಷ್ಟು ಖರ್ಚಿಲ್ಲದೆ ವಾಪಸ್ ಬರುತ್ತದೆ.

ಕೊಳ್ಳುವಾಗ ನೋಡಬೇಕಾದದ್ದು

ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವ ಶೇಕಡಾ 4, ಶೇಕಡಾ 5ರ ನಿಖರತೆಗೆ ಮರುಳಾಗಬೇಡಿ. ಅದು ನೇರವಾಗಿ ಎದುರಿನಿಂದ ಬಂದ ಬೆಳಕಿನ ಮಾತು. ಕಪಾಟಿನಲ್ಲಿ ಬೆಳಕು ನಾಲ್ಕೂ ಕಡೆಯ ಟ್ಯೂಬುಗಳಿಂದ ಓರೆಯಾಗಿ ಬರುತ್ತದೆ. ಓರೆ ಬೆಳಕನ್ನು ಸೆನ್ಸರ್ ಸರಿಯಾಗಿ ಹಿಡಿಯಬೇಕಾದರೆ ಅದರ ಮೇಲೆ ಹಾಲುಬಿಳಿಯ ಉಬ್ಬಿದ ಗುಮ್ಮಟ ಇರಬೇಕು. ಚಪ್ಪಟೆ ಗಾಜು ಅಥವಾ ಗುಂಡಿಯೊಳಗೆ ಹೂತ ಸೆನ್ಸರ್ ಓರೆ ಬೆಳಕನ್ನು ಕಳೆದುಕೊಳ್ಳುತ್ತದೆ. ಇದನ್ನು ಪರೀಕ್ಷಿಸುವುದು ಸುಲಭ: ರಾತ್ರಿ ಬೇರೆ ದೀಪಗಳನ್ನು ಆರಿಸಿ, ಒಂದು ಸಣ್ಣ ಬಲ್ಬಿನಿಂದ ಒಂದು ಮೀಟರ್ ದೂರದಲ್ಲಿ ಸೆನ್ಸರನ್ನು ನೇರ ಹಿಡಿದು ಓದಿಕೊಳ್ಳಿ. ಅದೇ ಜಾಗದಲ್ಲಿ ಕೋನಮಾಪಕ ಇಟ್ಟು 60 ಡಿಗ್ರಿ ವಾಲಿಸಿ. ಅಳತೆ ಅರ್ಧಕ್ಕೆ ಇಳಿಯಬೇಕು. ಮೂರನೇ ಒಂದು ಭಾಗಕ್ಕೆ ಇಳಿದರೆ ಆ ಮೀಟರ್ ಕಪಾಟಿಗೆ ತಕ್ಕದ್ದಲ್ಲ.

ಎರಡನೆಯದು ಸೆನ್ಸರ್ ಬೇರೆ, ಪರದೆ ಬೇರೆ ಇದ್ದು ನಡುವೆ ವಯರ್ ಇರುವ ಮಾದರಿ. ಎಲ್‌ಎಕ್ಸ್ 1010ಬಿ ಎಂಬ ಹೆಸರಿನಲ್ಲಿ ಹಲವು ಕಂಪನಿಗಳು ಮಾರುವುದು ಇಂಥದ್ದೇ. ಒಂದೇ ತುಂಡಿನ ಮೀಟರ್ ಹಿಡಿದಾಗ ಓದಲು ಬಗ್ಗಿದ ತಲೆಯ ನೆರಳೇ ಸೆನ್ಸರ್ ಮೇಲೆ ಬೀಳುತ್ತದೆ. ಯೂನಿ-ಟಿ ಕಂಪನಿಯ ಯುಟಿ383ರಂತಹ ಒಂದೇ ತುಂಡಿನದನ್ನು ಕೊಂಡರೆ ಹೋಲ್ಡ್ ಗುಂಡಿ ಒತ್ತಿ, ಹೊರತೆಗೆದು ಓದುವ ಅಭ್ಯಾಸ ಬೇಕು. ವ್ಯಾಪ್ತಿಯ ವಿಷಯದಲ್ಲಿ ಕಪಾಟಿಗೆ 50,000 ಲಕ್ಸ್ ಸಾಕು, ಬಾಲ್ಕನಿಯ ಬಿಸಿಲನ್ನೂ ಅಳೆಯಬೇಕಿದ್ದರೆ 2,00,000ದ ಮಾದರಿ ತೆಗೆದುಕೊಳ್ಳಿ.

ಮಣ್ಣಿಗೆ ಚುಚ್ಚುವ, ತೇವಾಂಶ, ಪಿಎಚ್ ಮತ್ತು ಬೆಳಕು ಮೂರನ್ನೂ ಅಳೆಯುವುದಾಗಿ ಹೇಳುವ ಮುಳ್ಳಿನ ಮೀಟರುಗಳ ಬೆಳಕಿನ ಮಾಪಕ ಬಹಳ ಒರಟು. ಬಿಟ್ಟುಬಿಡಿ.

ಕೆಲವು ಸಾವಿರ ರೂಪಾಯಿಗೆ ಪಾರ್ ಮೀಟರ್, ಅಂದರೆ ಮೈಕ್ರೊಮೋಲ್ ಲೆಕ್ಕವನ್ನೇ ನೇರವಾಗಿ ತೋರಿಸುವ ಮೀಟರ್, ಎಂದು ಮಾರುವವುಗಳ ಬಗ್ಗೆ ಎಚ್ಚರ ಬೇಕು. ಒಳಗೆ ಲಕ್ಸ್ ಸೆನ್ಸರ್ ಇಟ್ಟು, ಒಂದೇ ಸಂಖ್ಯೆಯಿಂದ ಭಾಗಿಸಿ ತೋರಿಸುವಂಥವೂ ಇವೆ. ಮೀಟರ್ ಎರಡೂ ಅಳತೆ ತೋರಿಸುವಂತಿದ್ದರೆ ಬಿಳಿ ದೀಪದಡಿ ಒಮ್ಮೆ, ಕೆಂಪು ಎಲ್‌ಇಡಿಯಡಿ ಒಮ್ಮೆ ಹಿಡಿದು ಲಕ್ಸ್ ಮತ್ತು ಮೈಕ್ರೊಮೋಲ್‌ಗಳ ಅನುಪಾತ ನೋಡಿ. ಬಣ್ಣ ಬದಲಾದರೂ ಅನುಪಾತ ಬದಲಾಗದಿದ್ದರೆ ಅದು ಬರೀ ಲಕ್ಸ್ ಮೀಟರ್. ಅಮೆರಿಕದ ಅಪೊಜಿ ಕಂಪನಿಯ ಎಂಕ್ಯು-500ರಂಥ ಫೋಟಾನ್ ಲೆಕ್ಕ ಕೊಡುವ ನಿಜವಾದ ಕ್ವಾಂಟಮ್ ಮೀಟರಿಗೆ ಐನೂರು ಡಾಲರಿಗೂ ಮೇಲೆ, ಸುಂಕ ಬೇರೆ. ಒಂದು ಕಪಾಟಿಗಾಗಿ ಅಷ್ಟು ಹಣ ಹಾಕುವುದು ಬೇಡ ಎಂಬುದು ನಮ್ಮ ಅಭಿಪ್ರಾಯ. ಕೃಷಿ ಕಾಲೇಜಿನಲ್ಲಿ ಓದುವವರಾದರೆ ವಿಭಾಗದ ಮೀಟರನ್ನು ಒಂದು ಗಂಟೆಗೆ ಕೇಳಿ ಪಡೆದು, ನಿಮ್ಮ ದೀಪದಡಿ ಎರಡನ್ನೂ ಒಂದೇ ಜಾಗದಲ್ಲಿ ಇಟ್ಟು ಓದಿಕೊಳ್ಳಿ. ಲಕ್ಸನ್ನು ಮೈಕ್ರೊಮೋಲ್‌ನಿಂದ ಭಾಗಿಸಿದರೆ ನಿಮ್ಮ ದೀಪ, ನಿಮ್ಮ ಮೀಟರ್ ಜೋಡಿಯದೇ ಭಾಜಕ ಸಿಕ್ಕಿತು. ಅಲ್ಲಿಂದ ಮುಂದೆ 70 ಎಂಬ ಅಂದಾಜು ಬೇಕಿಲ್ಲ. ನೇರಳೆ ದೀಪದವರಿಗೂ ಇದೊಂದು ದಾರಿ, ಕೆಂಪು ನೀಲಿಯ ಪ್ರಮಾಣ ಬದಲಾಯಿಸದೆ ಇರುವವರೆಗೆ.

ಫೋನ್ ಮತ್ತು ಸೆನ್ಸರ್ ಬೋರ್ಡ್

ಫೋನಿನ ಆ್ಯಪ್‌ಗಳು ಪೂರ್ತಿ ನಿಷ್ಪ್ರಯೋಜಕವೇನಲ್ಲ. ಆಂಡ್ರಾಯ್ಡ್ ಆ್ಯಪ್‌ಗಳು ಹೆಚ್ಚಾಗಿ ಪರದೆಯ ಹೊಳಪು ಹೊಂದಿಸಲು ಇಟ್ಟಿರುವ ಸೆನ್ಸರನ್ನೇ ಬಳಸುತ್ತವೆ. ಅದರ ಗುಣಮಟ್ಟ ಫೋನಿನಿಂದ ಫೋನಿಗೆ ಬೇರೆ, ಕೆಲವು ಬೇಗನೆ ಗರಿಷ್ಠ ಮಿತಿ ಮುಟ್ಟಿ ಅಲ್ಲೇ ನಿಲ್ಲುತ್ತವೆ. ಐಫೋನಿನಲ್ಲಿ ಕ್ಯಾಮೆರಾ ಬಳಸಬೇಕಾಗುತ್ತದೆ, ಅದರ ಮೇಲೆ ಬಿಳಿ ಕಾಗದದ ತುಂಡು ಕಟ್ಟದಿದ್ದರೆ ಓರೆ ಬೆಳಕು ಲೆಕ್ಕಕ್ಕೆ ಬರುವುದೇ ಇಲ್ಲ. ಈ ಮೂಲೆಯಲ್ಲಿ ಬೆಳಕು ಹೆಚ್ಚೋ ಆ ಮೂಲೆಯಲ್ಲೋ ಎಂದು ಹೋಲಿಸಲು ಫೋನ್ ಸಾಕು.

ಕಿಟಕಿಯ ಬೆಳಕಿಗೆ ಬೋರ್ಡ್ ಒಳ್ಳೆಯದು. ಅಲ್ಲಿ ಬೆಳಕು ಗಳಿಗೆಗೊಂದು ಬಗೆಯಾಗುವುದರಿಂದ ಒಂದು ಅಳತೆಯಿಂದ ಏನೂ ತಿಳಿಯದು, ಇಡೀ ದಿನದ ದಾಖಲೆ ಬೇಕು. ಆರ್ಡುಯಿನೊ ಅಥವಾ ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಲಕ್ಸ್ ಅಳೆಯುವ ಬಿಎಚ್1750 ಸೆನ್ಸರ್ ಜೋಡಿಸಿ ನಿಮಿಷಕ್ಕೊಮ್ಮೆ ಬರೆದಿಟ್ಟುಕೊಳ್ಳಬಹುದು. ಮಾಮೂಲಿ ಹೊಂದಿಕೆಯಲ್ಲಿ ಇದರ ಗರಿಷ್ಠ ಮಿತಿ ಸುಮಾರು 54,600 ಲಕ್ಸ್. ನೇರ ಬಿಸಿಲಲ್ಲಿ ಅದೇ ಸಂಖ್ಯೆಗೆ ಅಂಟಿಕೊಂಡು ನಿಂತಿದ್ದರೆ ಸೆನ್ಸರ್ ತುಂಬಿಹೋಗಿದೆ ಎಂದರ್ಥ. ಬರಿಯ ಚಿಪ್‌ಗೆ ಗುಮ್ಮಟವಿಲ್ಲ. ಅರ್ಧ ಕತ್ತರಿಸಿದ ಟೇಬಲ್ ಟೆನಿಸ್ ಚೆಂಡು ಹೊದಿಸಬಹುದು, ಆದರೆ ಅದು ಬೆಳಕಿನ ಒಂದು ಭಾಗವನ್ನು ನುಂಗುತ್ತದೆ. ಚೆಂಡು ಹೊದಿಸಿದ ಮೇಲೆ ಲಕ್ಸ್ ಮೀಟರ್ ಪಕ್ಕದಲ್ಲಿಟ್ಟು ಗುಣಕ ಕಂಡುಕೊಳ್ಳಲೇಬೇಕು. ಎಎಸ್7341 ಎಂಬ ಸೆನ್ಸರ್ 415ರಿಂದ 680 ನ್ಯಾನೊಮೀಟರ್‌ವರೆಗೆ ಎಂಟು ಬಣ್ಣಗಳನ್ನು ಬೇರೆ ಬೇರೆ ಅಳೆಯುತ್ತದೆ. ನೇರಳೆ ದೀಪಕ್ಕೆ ಅಗ್ಗದಲ್ಲಿ ಸಿಗುವ ನಿಜವಾದ ಪರಿಹಾರ ಇದು, ಒಮ್ಮೆ ನಂಬಬಹುದಾದ ಮೀಟರಿಗೆ ಹೋಲಿಸಿ ಹೊಂದಿಸಿಕೊಳ್ಳುವ ತಾಳ್ಮೆ ಇದ್ದರೆ.

ಅಳೆಯುವ ಕ್ರಮ, ತಪ್ಪುವ ಜಾಗಗಳು

ದೀಪ ಹಚ್ಚಿ ಇಪ್ಪತ್ತು ನಿಮಿಷ ಬಿಡಿ. ಎಲ್‌ಇಡಿ ಬಿಸಿಯಾದಂತೆ ಬೆಳಕು ತುಸು ಇಳಿದು ನಿಲ್ಲುತ್ತದೆ. ಸೆನ್ಸರಿಗೆ ಮುಚ್ಚಳ ಹಾಕಿ ಸೊನ್ನೆ ಬರುತ್ತದೆಯೇ ನೋಡಿ. ಕುಂಡದ ಅಂಚಿನಲ್ಲಿಡದೆ ಎಲೆಗಳ ಮೇಲ್ಮಟ್ಟದಲ್ಲಿ, ಮೇಲ್ಮುಖವಾಗಿ, ಸಮತಟ್ಟಾಗಿ ಹಿಡಿಯಿರಿ. ತಟ್ಟನ್ನು ಅಡ್ಡಕ್ಕೆ ಮೂರು, ಉದ್ದಕ್ಕೆ ಮೂರು ಸಾಲುಗಳಾಗಿ ಭಾಗಿಸಿ ಒಂಬತ್ತು ಜಾಗಗಳಲ್ಲಿ ಅಳೆದು ಸರಾಸರಿ ತೆಗೆಯಿರಿ. ಅತಿ ಕಡಿಮೆ ಅಳತೆ ಸರಾಸರಿಯ ಶೇಕಡಾ 70ಕ್ಕಿಂತ ಕೆಳಗಿದ್ದರೆ ಆ ಮೂಲೆಗೆ ಕಡಿಮೆ ಬೆಳಕು ಸಾಕಾಗುವ ಗಿಡ ಇಡಿ, ಇಲ್ಲವೇ ಟ್ರೇಗಳನ್ನು ಎರಡು ದಿನಕ್ಕೊಮ್ಮೆ ತಿರುಗಿಸಿ.

ಮೀಟರ್ ಎಡತುದಿಯಲ್ಲಿ ಬರೀ 1 ತೋರಿಸಿದರೆ ಅದು ಒಂದು ಲಕ್ಸ್ ಅಲ್ಲ, ವ್ಯಾಪ್ತಿ ಮೀರಿದೆ. ಮುಂದಿನ ವ್ಯಾಪ್ತಿಗೆ ತಿರುಗಿಸಿ. ಹಳೆಯ ಮಾದರಿಗಳಲ್ಲಿ ಮೇಲಿನ ವ್ಯಾಪ್ತಿಯ ಸಂಖ್ಯೆಯನ್ನು 10ರಿಂದಲೋ 100ರಿಂದಲೋ ನಾವೇ ಗುಣಿಸಬೇಕು. ಕಲಿಯುವವರು ಅತಿ ಹೆಚ್ಚು ಎಡವುವುದು ಇಲ್ಲೇ. ಅಂಕಿಗಳು ನಿಲ್ಲದೆ ಜಿಗಿಯುತ್ತಿದ್ದರೆ ಮೊದಲು ಬ್ಯಾಟರಿ ಬದಲಿಸಿ. ಆಮೇಲೂ ಜಿಗಿದರೆ ದೀಪವೇ ಸೆಕೆಂಡಿಗೆ 100 ಸಲ ಮಿಣುಕುತ್ತಿರಬಹುದು, ಅಗ್ಗದ ಡ್ರೈವರಿನ ದೀಪಗಳಲ್ಲಿ ಇದು ಸಾಮಾನ್ಯ. ಹತ್ತು ಅಳತೆ ಬರೆದು ಸರಾಸರಿ ಮಾಡಿ.

ಮೀಟರಿನ ಒಟ್ಟು ಅಳತೆ ಸರಿಯಿದೆಯೇ ಎಂದು ನೋಡಲು ಸೂರ್ಯನಿಗಿಂತ ಒಳ್ಳೆಯ ದೀಪ ಇಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲಿರುತ್ತಾನೆ, ಕಂಬದ ನೆರಳು ಬುಡದಲ್ಲೇ ಅಡಗುತ್ತದೆ. ಮೋಡವಿಲ್ಲದ, ಧೂಳಿಲ್ಲದ ಅಂಥ ಮಧ್ಯಾಹ್ನ ತಾರಸಿಯಲ್ಲಿ ಸಮತಟ್ಟಾಗಿಟ್ಟ ಸೆನ್ಸರ್ 1,00,000 ಲಕ್ಸಿನಿಂದ ಮೇಲೆ ತೋರಿಸಬೇಕು. 70,000ಕ್ಕೆ ನಿಂತರೆ ಗುಮ್ಮಟವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೊಮ್ಮೆ ನೋಡಿ. ಆಗಲೂ ಅಷ್ಟೇ ಇದ್ದರೆ ವಾಪಸ್ ಕೊಡುವ ಅವಧಿ ಮುಗಿಯುವ ಮೊದಲೇ ಹಿಂದಿರುಗಿಸಿ.