ಹತ್ತು ಸಾವಿರದ ಗ್ರಾಫಿಕ್ಸ್ ಕಾರ್ಡ್ ಎಲ್ಲೋಯ್ತು?

ಮೊನ್ನೆ ಅಕ್ಕನ ಮಗ ಫೋನ್ ಮಾಡಿ "ಮಾಮ, ಹತ್ತು ಸಾವಿರದೊಳಗೆ ಒಂದು ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಹೇಳು" ಅಂದ. ಗ್ರಾಫಿಕ್ಸ್ ಕಾರ್ಡ್ ಅಂದ್ರೆ ಪಿಸಿಲಿ ಗೇಮ್‌ನ ಚಿತ್ರ ಮೂಡಿಸೋ ಕಾರ್ಡು. ಯಾವ್ದೋ ಆಫೀಸ್‌ನೋರು ಹಳೇದು ಅಂತ ಮಾರಿದ ಡೆಸ್ಕ್‌ಟಾಪ್ ಅವನದು, ಪವರ್ ಸಪ್ಲೈ 240 ವಾಟ್, ಒಳಗೆ ಕಾರ್ಡಿಗೆ ಕೊಡಕ್ಕೆ ಒಂದು ಎಕ್ಸ್‌ಟ್ರಾ ಕೇಬಲ್ಲೂ ಇಲ್ಲ. ಎಂಟು ವರ್ಷದ ಹಿಂದೆ ಇದೇ ಪ್ರಶ್ನೆ ಕೇಳಿದ್ರೆ ಕಣ್ಮುಚ್ಚಿ ಒಂದು ಹೆಸರು ಹೇಳ್ತಿದ್ದೆ. ಈಗ ಅರ್ಧ ಗಂಟೆ ಮಾತಾಡಿದ್ರೂ ನೆಟ್ಟಗೆ ಉತ್ತರ ಕೊಡಕ್ಕಾಗ್ಲಿಲ್ಲ.

ಆ ಹೆಸರು ಜಿಟಿಎಕ್ಸ್ 1050 ಟಿಐ. ಅದಕ್ಕಿಂತ ಸ್ವಲ್ಪ ಹಿಂದೆ, 2014ರ ಫೆಬ್ರವರಿಲಿ ಕಾರ್ಡಿನ ಚಿಪ್ ಮಾಡೋ ಎನ್ವಿಡಿಯಾ ಕಂಪನಿ 149 ಡಾಲರ್‌ಗೆ ಜಿಟಿಎಕ್ಸ್ 750 ಟಿಐ ಬಿಟ್ಟಿತ್ತು, ಬರೀ 60 ವಾಟ್ ಕುಡಿಯೋ ಕಾರ್ಡು. ಮದರ್‌ಬೋರ್ಡ್‌ನ ಸ್ಲಾಟೇ 75 ವಾಟ್ ತನಕ ಕೊಡತ್ತೆ, ಹಾಗಾಗಿ ಬೇರೆ ಕೇಬಲ್ ಬೇಡ, ಪವರ್ ಸಪ್ಲೈ ಬದಲಾಯಿಸೋ ಗೋಜಿಲ್ಲ, ಸಿಕ್ಕಿಸು ಆನ್ ಮಾಡು ಅಷ್ಟೆ. 2016ರ ಅಕ್ಟೋಬರ್‌ನಲ್ಲಿ ಅದೇ ದಾರಿಲಿ 1050 ಟಿಐ ಬಂತು, 4 ಜಿಬಿ ಮೆಮೊರಿ, 75 ವಾಟ್, 139 ಡಾಲರ್. ಆಗಿನ ಡಾಲರ್ ರೇಟಲ್ಲಿ ಲೆಕ್ಕ ಹಾಕಿದ್ರೆ ಒಂಬತ್ತು ಸಾವಿರದ ಚಿಲ್ಲರೆ, ಟ್ಯಾಕ್ಸು ಅಂಗಡಿಯವರ ಲಾಭ ಎಲ್ಲಾ ಸೇರಿ ಬೆಂಗಳೂರಿನ ಎಸ್.ಪಿ. ರೋಡಲ್ಲಿ ನಾನು ತಗೊಂಡಿದ್ದು ಹನ್ನೆರಡು ಸಾವಿರದ ಆಸುಪಾಸು. ಇನ್ನೂ ಎರಡು ಮೂರು ಸಾವಿರ ಜಾಸ್ತಿ ಹಾಕಿ, ಪವರ್ ಸಪ್ಲೈ ಗಟ್ಟಿ ಇದ್ದೋರು ಇನ್ನೊಂದು ಕಂಪನಿ ಎಎಂಡಿಯ ಆರ್‌ಎಕ್ಸ್ 470, 570 ಕಡೆ ಹೋಗ್ತಿದ್ರು, ನಿಜ ಹೇಳ್ಬೇಕಂದ್ರೆ ಕಾಸಿಗೆ ತಕ್ಕ ಕಾರ್ಡು ಅದೇನೇ.

ಆದ್ರೆ ಅದೇ 570ಗೆ ಗ್ರಹಚಾರ ವಕ್ಕರಿಸಿತು. ಈಥೀರಿಯಂ ಅನ್ನೋ ಡಿಜಿಟಲ್ ಕಾಯಿನ್‌ನ ಕಂಪ್ಯೂಟರಲ್ಲಿ ಲೆಕ್ಕ ಓಡಿಸಿ ಗಳಿಸೋ ಮೈನಿಂಗ್‌ಗೆ ಚಿಪ್‌ನ ಶಕ್ತಿಗಿಂತ ಮೆಮೊರಿ ಎಷ್ಟು ಬೇಗ ಓದಕ್ಕಾಗತ್ತೆ ಅನ್ನೋದೇ ಮುಖ್ಯ, 570, 580ಗಳಲ್ಲಿ ಮೆಮೊರಿಗೆ ಹೋಗೋ ದಾರಿ 256 ಬಿಟ್ ಅಗಲ. ಅಷ್ಟು ಕಮ್ಮಿ ದುಡ್ಡಿಗೆ ಅಷ್ಟು ಅಗಲ ಬೇರೆಲ್ಲೂ ಸಿಗ್ತಿರ್ಲಿಲ್ಲ, 2017ರಲ್ಲಿ ಮೈನಿಂಗ್ ಮಾಡೋರು ಮೂಟೆಗಟ್ಲೆ ಎತ್ಕೊಂಡು ಹೋದ್ರು. ಮುಂದಿನ ವರ್ಷ ಕಾಯಿನ್ ರೇಟು ಬಿದ್ಮೇಲೆ ಅದೇ ಕಾರ್ಡುಗಳು ಸೆಕೆಂಡ್ ಹ್ಯಾಂಡಲ್ಲಿ ವಾಪಸ್ ಬಂದ್ವು, ಫ್ಯಾನ್ ಬೇರಿಂಗ್ ಕರಕರ ಅಂತಿದ್ದಿದ್ದು ಬಿಟ್ರೆ ಬಹಳಷ್ಟು ಚೆನ್ನಾಗೇ ಓಡಿದ್ವು.

ಈ ಹೊತ್ತಲ್ಲೇ ಇನ್ನೊಂದು ಚಾಳಿ ಶುರುವಾಯ್ತು, ನಂಗೆ ರೇಟಿಗಿಂತ ಜಾಸ್ತಿ ಸಿಟ್ಟು ಬರೋದು ಇದ್ರ ಮೇಲೇನೇ. ಹೆಸರು ಅದೇ ಇಟ್ಕೊಂಡು ಒಳಗಿನ ಸರಕು ಕಮ್ಮಿ ಮಾಡೋದು. ಎನ್ವಿಡಿಯಾದ 1060 ಅಂತ ಎರಡು ಕಾರ್ಡು, 3 ಜಿಬಿದು 6 ಜಿಬಿದು, ನೋಡೋರಿಗೆ ಮೆಮೊರಿ ಮಾತ್ರ ಬೇರೆ ಅನ್ಸತ್ತೆ, ಆದ್ರೆ ಚಿಕ್ಕದ್ರಲ್ಲಿ ಲೆಕ್ಕ ಮಾಡೋ ಕೋರ್‌ಗಳೂ 1280ರ ಬದ್ಲು 1152. ಜಿಟಿ 1030 ಅಂತೂ ಇನ್ನೂ ಅನ್ಯಾಯ. 2017ರಲ್ಲಿ ಬಂದಿದ್ದು ಜಿಡಿಡಿಆರ್5 ಮೆಮೊರಿ ಜೊತೆ, ಮರುವರ್ಷ ಅದೇ ಹೆಸರಲ್ಲಿ ಡಿಡಿಆರ್4 ಹಾಕಿದ್ದು ಬಂತು, ಮೆಮೊರಿ ವೇಗ ಸೆಕೆಂಡಿಗೆ 48 ಜಿಬಿಯಿಂದ 16.8ಕ್ಕೆ ಇಳೀತು. ನನ್ನ ಫ್ರೆಂಡ್ ಒಬ್ಬ ಅಂಗಡಿಯವರು ಕೊಟ್ಟಿದ್ದನ್ನ ಹಾಗೇ ತಂದ, ಡಬ್ಬದ ಮೂಲೆಲಿ ಸಣ್ಣಕ್ಷರದಲ್ಲಿ ಡಿಡಿಆರ್4 ಅಂತ ಇದ್ದಿದ್ದು ಮನೇಗ್ ಬಂದ್ಮೇಲೆ ಕಂಡಿದ್ದು, ಗೇಮ್‌ನಲ್ಲಿ ಸೆಕೆಂಡಿಗೆ ಬರೋ ಚಿತ್ರ, ಅಂದ್ರೆ ಫ್ರೇಮ್, ಹತ್ತತ್ರ ಅರ್ಧಕ್ಕೆ ಬಂದಿತ್ತು.

ಇದು ಕಂಪನಿಯವರೇ ಮಾಡಿದ್ದು, ಪಕ್ಕಾ ಡೂಪ್ಲಿಕೇಟ್‌ಗಳ ಕಥೆ ಬೇರೆ. ಏಳೆಂಟು ವರ್ಷ ಹಳೇ ಜಿಟಿಎಸ್ 450 ಥರದ ಕಾರ್ಡಿಗೆ ಬಯಾಸ್ (ಕಾರ್ಡು ತಾನ್ಯಾರು ಅಂತ ಹೇಳ್ಕೊಳೋ ಒಳಗಿನ ಸಾಫ್ಟ್‌ವೇರ್) ಬದಲಾಯಿಸಿ 1050 ಟಿಐ ಅಂತ ಮಾರ್ತಿದ್ರು, ವಿಂಡೋಸೂ ನಂಬ್ಬಿಡ್ತಿತ್ತು. ಎಷ್ಟು ಕಾಟ ಅಂದ್ರೆ 2018ರಲ್ಲಿ ಕಾರ್ಡಿನ ವಿವರ ತೋರಿಸೋ ಜಿಪಿಯು-ಝಡ್ ಸಾಫ್ಟ್‌ವೇರ್‌ನೋರು ನಕಲಿ ಹಿಡಿಯೋ ವ್ಯವಸ್ಥೆನೇ ಸೇರಿಸಬೇಕಾಯ್ತು. ಕಣ್ಣಲ್ಲೇ ಹಿಡಿಯೋ ಗುಟ್ಟು ಒಂದಿತ್ತು, ಹಿಂದುಗಡೆ ನೀಲಿ ವಿಜಿಎ ಪೋರ್ಟ್ ಇದ್ರೆ ಅನುಮಾನ ಪಡು ಅಂತ, ಯಾಕಂದ್ರೆ 1050 ಟಿಐ ಪೀಳಿಗೆ ಚಿಪ್‌ನಲ್ಲಿ ವಿಜಿಎಗೆ ಬೇಕಾದ ಅನಲಾಗ್ ಔಟ್‌ಪುಟ್ಟೇ ಇರ್ಲಿಲ್ಲ.

2021 ಬಂತು. ಲಾಕ್‌ಡೌನು, ಚಿಪ್ ಕೊರತೆ, ಎರಡನೇ ಸಲ ಮೈನಿಂಗ್ ಹುಚ್ಚು. ಆಗ ಎನ್ವಿಡಿಯಾ ಮಾಡಿದ್ದು ನೋಡಿ, ಐದು ವರ್ಷ ಹಳೇ 1050 ಟಿಐನ ಮತ್ತೆ ಮಾರ್ಕೆಟ್‌ಗೆ ಸಪ್ಲೈ ಮಾಡ್ತು. ಆ ಹೊತ್ತಿಗೆ ಈಥೀರಿಯಂ ಮೈನಿಂಗ್‌ಗೆ ಬೇಕಾದ ಫೈಲ್ 4 ಜಿಬಿ ದಾಟಿತ್ತು, ಅಂದ್ರೆ 4 ಜಿಬಿ ಕಾರ್ಡು ಮೈನಿಂಗ್‌ನೋರಿಗೆ ಬೇಡ, ಗೇಮ್ ಆಡೋರಿಗೇ ಉಳ್ಕೊಳತ್ತೆ. ಉಳ್ಕೊಂಡಿದ್ದೇನೋ ನಿಜ, ಆದ್ರೆ ಹಳೇ ರೇಟಲ್ಲಲ್ಲ.

2022ರ ಜನವರಿಲಿ ಎಎಂಡಿ 199 ಡಾಲರ್‌ಗೆ ಆರ್‌ಎಕ್ಸ್ 6500 ಎಕ್ಸ್‌ಟಿ ತಂತು, ಅದೂ 4 ಜಿಬಿ. ಮಜಾ ಏನಂದ್ರೆ 2020ರಲ್ಲಿ ಇದೇ ಕಂಪನಿ ಈಗಿನ ಗೇಮ್‌ಗೆ 4 ಜಿಬಿ ಸಾಲಲ್ಲ ಅಂತ ತನ್ನ ಬ್ಲಾಗಲ್ಲಿ ಬರ್ಕೊಂಡಿತ್ತು, ಹೊಸ ಕಾರ್ಡ್ ಬರೋ ಹೊತ್ತಿಗೆ ಸರಿಯಾಗಿ ಆ ಪುಟ ಮಾಯ, ಜನ ಗಲಾಟೆ ಮಾಡಿದ್ಮೇಲೆ ವಾಪಸ್ ಬಂತು. ಕಾರ್ಡಿನ ವಿಷ್ಯಕ್ಕೆ ಬಂದ್ರೆ ಮೆಮೊರಿ ದಾರಿ 64 ಬಿಟ್, ಮದರ್‌ಬೋರ್ಡ್ ಜೊತೆ ಮಾತಾಡಕ್ಕೆ ಹದಿನಾರು ಲೇನ್ ಬದ್ಲು ನಾಲ್ಕೇ ಲೇನು. ಹೊಸ ಬೋರ್ಡಲ್ಲಿ ಹೆಂಗೋ ನಡೆಯತ್ತೆ, ಆದ್ರೆ ಬಜೆಟ್ ಕಾರ್ಡ್ ಹುಡುಕೋರ ಹತ್ರ ಇರೋದು ಹಳೇ, ನಿಧಾನದ ಪಿಸಿಐಇ 3.0 ಸ್ಲಾಟಿನ ಬೋರ್ಡು, ಅಲ್ಲಿ ಇದು ಮುಗ್ಗರಿಸತ್ತೆ.

ಆ ವರ್ಷ ಸೆಪ್ಟೆಂಬರ್ 15ಕ್ಕೆ ಈಥೀರಿಯಂ ಮೈನಿಂಗೇ ನಿಂತೋಯ್ತು. ರೇಟು ಹಳೇ ಜಾಗಕ್ಕೆ ಬರತ್ತೆ ಅಂತ ಕಾದಿದ್ದೋರಲ್ಲಿ ನಾನೂ ಒಬ್ಬ, ಬರ್ಲಿಲ್ಲ. ಒಂದು ಕಾರಣ, ಕೆಳಗಿನ ಮೆಟ್ಲು ಪ್ರೊಸೆಸರ್ ನುಂಗ್ಬಿಡ್ತು, 2018ರ 99 ಡಾಲರ್ ರೈಜನ್ 3 2200ಜಿ ಒಳಗಿನ ಗ್ರಾಫಿಕ್ಸೇ ಜಿಟಿ 1030 ಹತ್ತತ್ರ ಬರ್ತಿತ್ತು, ಮತ್ಯಾಕೆ ಅಷ್ಟು ಸಣ್ಣ ಕಾರ್ಡ್ ಮಾಡ್ತಾರೆ. ಇನ್ನೊಂದು ಕಾರಣ ದುಡ್ಡು. 2025ರ ಜನವರಿಗೆ ಮುಗಿದ ವರ್ಷದಲ್ಲಿ ಎನ್ವಿಡಿಯಾ ಆದಾಯ 130 ಬಿಲಿಯನ್ ಡಾಲರ್ ದಾಟಿದೆ, ಅದ್ರಲ್ಲಿ ಗೇಮಿಂಗ್‌ದು ಬರೀ 11 ಚಿಲ್ಲರೆ, ಮಿಕ್ಕಿದ್ದು ಬಹುಪಾಲು ಎಐ ಡೇಟಾ ಸೆಂಟರ್‌ದು. ಅಂಥಾ ಅಂಗಡೀಲಿ ನಮ್ಮ ಹತ್ತು ಸಾವಿರಕ್ಕೆ ಯಾರು ಕುರ್ಚಿ ಹಾಕ್ತಾರೆ.

ಇಂಟೆಲ್ ಮಾತ್ರ ಒಳಗ್ ಬರ್ಬೇಕು ಅನ್ನೋ ಹಟಕ್ಕೆ 2024ರ ಡಿಸೆಂಬರಲ್ಲಿ 12 ಜಿಬಿ ಆರ್ಕ್ ಬಿ580ನ 249 ಡಾಲರ್‌ಗೆ ಕೊಡ್ತು. ಹೊಸ ಪಿಸಿ ಕಟ್ಟೋರಿಗೆ ಒಳ್ಳೆ ಆಯ್ಕೆನೇ, ಆದ್ರೆ ಬೋರ್ಡಲ್ಲಿ ರೀಸೈಜಬಲ್ ಬಾರ್ (ಪ್ರೊಸೆಸರ್ ಕಾರ್ಡಿನ ಇಡೀ ಮೆಮೊರಿನ ಒಟ್ಟಿಗೇ ಮುಟ್ಟೋ ಸೌಲಭ್ಯ) ಇಲ್ಲ ಅಂದ್ರೆ ಅದು ಕುಂಟತ್ತೆ, ನಮ್ ಹುಡುಗನ ಪಿಸಿಲಿ ಅದಿಲ್ಲ. 2025ರ ಆರ್‌ಟಿಎಕ್ಸ್ 5050 ಕೂಡ ಬಂದಾಗ 249 ಡಾಲರೇ, 130 ವಾಟ್ ಕೇಳತ್ತೆ. ಕೇಬಲ್ ಇಲ್ದೆ ನಡೆಯೋ ಹೊಸ ಕಾರ್ಡು ಅಂದ್ರೆ 2024ರ 6 ಜಿಬಿ ಆರ್‌ಟಿಎಕ್ಸ್ 3050, 70 ವಾಟ್. ಇಲ್ಲೂ ಅದೇ ಹಳೇ ಚಾಳಿ, 8 ಜಿಬಿ 3050ಗಿಂತ ಕೋರೂ ಕಮ್ಮಿ, ಮೆಮೊರಿ ದಾರಿನೂ 128ರಿಂದ 96 ಬಿಟ್‌ಗೆ ಇಳಿದಿದೆ, ಮೇಲಾಗಿ ಹತ್ತು ಸಾವಿರಕ್ಕೆ ಬರಲ್ಲ.

ಕೊನೆಗೆ ನನ್ನ ಹಳೇ ಪಿಸಿ ಬಿಚ್ಚಿ, ಧೂಳು ಊದಿ, ಥರ್ಮಲ್ ಪೇಸ್ಟ್ ಹಚ್ಚಿ 1050 ಟಿಐನೇ ಅವನಿಗೆ ಕೊಟ್ಟೆ. ಹೊಸ ಗೇಮ್‌ಗಳಿಗೆ ಅಂತ ಅದಕ್ಕೆ ಬರ್ತಿದ್ದ ಡ್ರೈವರ್ ಅಪ್‌ಡೇಟ್‌ಗಳನ್ನ ಎನ್ವಿಡಿಯಾ 2025ರ ಅಕ್ಟೋಬರ್‌ಗೆ ನಿಲ್ಲಿಸ್ತು, ಕಾರ್ಡ್ ಹುಟ್ಟಿ ಸರಿಯಾಗಿ ಒಂಬತ್ತು ವರ್ಷಕ್ಕೆ, ಇನ್ನು 2028ರ ತನಕ ಸೆಕ್ಯುರಿಟಿ ಅಪ್‌ಡೇಟ್ ಮಾತ್ರ. "ಪರ್ವಾಗಿಲ್ಲ ಮಾಮ, ನಾನಾಡೋದೂ ಹಳೇ ಗೇಮೇ" ಅಂದ.